ನಿಧಾನ ಜಾರ್ರಿ, ಸಾಹೇಬ್ರ!

"ಏ ಇಳೀರ್ಲೇ! ಉದ್ಘಾಟನಿ ಆಗೂಮಟ ಯಾರೂ ಹತ್ತಂಗಿಲ್ಲ!"

ರಸ್ತೆಯಾಚೆಯ ಚಹಾದಂಗಡಿಯಿಂದ ದುಂಡೇಶ ಕಾಕಾ ಕೂಗಿದರು. ಜಾರುಬಂಡಿಯ ಎರಡನೇ ಮೆಟ್ಟಿಲ ಮೇಲಿದ್ದ ಪುಟ್ಟ ಕಾಂತು ದಬಕ್ಕನೆ ಕೆಳಗೆ ಹಾರಿದ. ಅವನ ಅಕ್ಕ ಕಾವೇರಿ, ಅವಳ ಗೆಳತಿ ಗುಲನಾಜ ಇಬ್ಬರೂ ಏನೂ ಗೊತ್ತಿಲ್ಲದವರಂತೆ ಆಕಾಶ ನೋಡಿದರು.

ಕಾಕಾ ಪಂಚಾಯಿತಿ ಮೆಂಬರು. ಜಾರುಬಂಡಿ ಬಂದಾಗಿನಿಂದ ಅವರು ಚಹಾದಂಗಡಿ ಬಿಟ್ಟು ಕದಲಿರಲಿಲ್ಲ. ಕಾಯುವುದೇ ಅವರ ಕೆಲಸವಾಗಿತ್ತು.

ಇಂಡಿಯಿಂದ ಟೆಂಪೋ ಹತ್ತಿದರೆ ನಿಂಬೆ ತೋಟಗಳ ನಡುವೆ ಸಿಗುವ ಊರು ಇದು. ಇಲ್ಲಿನ ಶಾಲೆಗೆ ಮಕ್ಕಳ ಆಟದ ಅಂಗಳ ಮಾಡಲು ಅನುದಾನ ಬಂದಿತ್ತು. ಜಾರುಬಂಡಿ, ಜೋಕಾಲಿ, ಜಾರಿ ಬಂದವರಿಗೆ ಪೆಟ್ಟಾಗದಂತೆ ಮೆತ್ತಗಿನ ಉಸುಕಿನ ಹೊಂಡ. ಜಾರುಬಂಡಿ ಬಂತು. ಜೋಕಾಲಿಯ ಕಂಬಗಳು ಬಂದವು, ಜೋಕಾಲಿ ಬರಲಿಲ್ಲ. ಅದು ಮುಂದಿನ ಕಂತಿನಲ್ಲಂತೆ! ಉಸುಕೂ ಬಂತು. ಆದರೆ ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಕೆಲಸ ಎದುರಾಯಿತು. ಹೆಸರಿನ ಕಲ್ಲು ನಿಲ್ಲಿಸಬೇಕಿತ್ತು.

ಕಲ್ಲು ಅಂದರೆ ಅಂಥಿಂಥ ಕಲ್ಲಲ್ಲ. ಮಲಗಿದ ಎಮ್ಮೆಯಷ್ಟು ಅಗಲ. ಮೇಲೆ ಬಂಗಾರದ ಬಣ್ಣದ ಅಕ್ಷರ. ಉದ್ಘಾಟನೆಗೆ ಬರುವ ಸಾಹೇಬರ ಹೆಸರು ಎಲ್ಲಕ್ಕಿಂತ ಮೇಲೆ, ಕಾಕಾ ಹೆಸರು ಎಲ್ಲಕ್ಕಿಂತ ಕೆಳಗೆ, ನಡುವೆ ಸಂತೆ ದಿನದ ಟೆಂಪೋದಂತೆ ಇಕ್ಕಟ್ಟಾಗಿ ಉಳಿದವರು. ಅಂಥ ಕಲ್ಲು ಅಲುಗಾಡದೆ ನಿಲ್ಲಬೇಕಲ್ಲ! ಹೊಂಡದ ಉಸುಕೆಲ್ಲ ಸಿಮೆಂಟಿನ ಜೊತೆ ಸೇರಿ ಕಲ್ಲಿನ ಕಟ್ಟೆಯಾಯಿತು.

ಕಲ್ಲು ನಿಂತದ್ದಾದರೂ ಎಲ್ಲಿ? ಸರಿಯಾಗಿ ಜಾರುಬಂಡಿಯ ಬುಡದಲ್ಲಿ, ಮಕ್ಕಳು ಜಾರಿ ಬಂದು ಇಳಿಯುವ ಜಾಗದಲ್ಲಿ. ಹೆಸರುಗಳ ಮುಖ ರಸ್ತೆಗೆ, ಬೆನ್ನು ಮಕ್ಕಳಿಗೆ.

"ಕಲ್ಲು, ಜಾರಬಂಡಿ ಎರಡೂ ಒಂದ ಫೋಟೋದಾಗ ಬರಬೇಕು" ಎಂದಿದ್ದರು ಕಾಕಾ. "ಫೋಟೋ ಹೋದ್ರ ಮುಂದಿನ ಕಂತು. ಇಲ್ಲಂದ್ರ ಜೋಕಾಲಿ ಮರತಬಿಡ್ರಿ."

ಕಾಕಾ ಚಹಾ ಕುಡಿಯಲು ಆಚೆ ತಿರುಗಿದ ಕೂಡಲೆ ಗುಲನಾಜ ಜೇಬಿನಿಂದ ನಿಂಬೆಹಣ್ಣು ತೆಗೆದಳು. ಅವಳಪ್ಪ ಜೈನುದ್ದೀನ ಇಂಡಿ ಪೇಟೆಯಲ್ಲಿ ನಿಂಬೆ ವ್ಯಾಪಾರಿ. ಹೀಗಾಗಿ ಅವಳ ಜೇಬಿನಲ್ಲಿ ಸದಾ ಒಂದು ಹಣ್ಣು ಇರುತ್ತಿತ್ತು.

"ನಾವು ಹತ್ತಂಗಿಲ್ಲ. ಹಣ್ಣ ಹತ್ತಬಾರದಂತ ಯಾರ ಹೇಳ್ಯಾರ?" ಎಂದು ಅದನ್ನು ಮೇಲಕ್ಕೆ ಎಸೆದಳು.

ಹಣ್ಣು ಸರ್ರನೆ ಜಾರಿ ಬಂತು. ಕಲ್ಲಿಗೆ ಬಡಿದು ಟಪ್ಪನೆ ಒಡೆದು ಹೋಯಿತು.

"ಭಾಳ ಮಜಾ!" ಎಂದು ಕಾಂತು ಚಪ್ಪಾಳೆ ತಟ್ಟಿದ. ಕಾವೇರಿ ಮಾತ್ರ ಒಡೆದ ಹಣ್ಣನ್ನು ಎತ್ತಿ ನೋಡಿದಳು. ನಾಳೆ ಸಾಹೇಬರ ಮುಂದೆ ಎಲ್ಲರಿಗಿಂತ ಮೊದಲು ಜಾರುವವನು ಈ ಕಾಂತುವೇ. ಅವನ ಮುಂದಿನ ಹೊಸ ಹಲ್ಲುಗಳು ಈಗಷ್ಟೇ ಬಂದಿದ್ದವು. ನಕ್ಕರೆ ಫೋಟೋದಲ್ಲಿ ಚಂದ ಕಾಣುತ್ತಾನೆಂದು ಹೆಡ್ ಮಾಸ್ತರರಾದ ಅರುಣಕುಮಾರ ಸರ್ ಅವನನ್ನೇ ಆರಿಸಿದ್ದರು.

ಕಾವೇರಿ ಸರ್ ಬಳಿ ಓಡಿದಳು.

"ಸರ್ರ, ಜಾರಬಂಡಿ ಮುಂದ ಕಲ್ಲ ಐತ್ರಿ!"

"ಹೌದವ್ವಾ, ಎಷ್ಟ ಚಂದ ಐತಿ ನೋಡು! ನೀ ಮೊದಲ ಸ್ವಾಗತಗೀತಿ ಬಾಯಿಪಾಠ ಮಾಡು. ನಿನ್ನೆ ಎರಡನೇ ನುಡಿ ನುಂಗಿದಿ."

ಅವಳು ಚಹಾದಂಗಡಿಗೆ ಓಡಿದಳು.

"ಕಾಕಾ, ಜಾರಿ ಬಂದ ಹುಡುಗ್ರು ಕಲ್ಲಿಗೆ ಬಡೀತಾರ್ರಿ."

"ಯಾಕ ಬಡೀತಾರ?" ಕಾಕಾ ಬಸಿಯಲ್ಲಿದ್ದ ಚಹಾ ಊದಿದರು. "ನಿಧಾನ ಜಾರಬೇಕು!"

ನಿಧಾನ ಜಾರುವುದು ಹೇಗೆಂದು ಕಾವೇರಿ ಮನೆ ಮುಟ್ಟುವ ತನಕ ಯೋಚಿಸಿದಳು. ಹೊಳೆಯಲಿಲ್ಲ.

ಮನೆಯಲ್ಲಿ ಕಾಂತುಗೆ ಹೇಳಿ ನೋಡಿದಳು. "ನೀ ಜಾರಬ್ಯಾಡೋ. ಹಲ್ಲ ಮುರೀತಾವು."

"ನಿನಗ ಹೊಟ್ಟಿಕಿಚ್ಚು! ಮೊದಲನೇ ಪಾಳಿ ನಂದ!" ಎಂದು ಅವನು ನೆಲಕ್ಕೆ ಬಿದ್ದು ಹೊರಳಾಡಿದ.

ಅವರ ಅಜ್ಜಿ, ಆಯಿ ಶಂಕ್ರೆವ್ವ, ತನ್ನ ಚಿಂತೆ ತನಗೆ ಎಂಬಂತೆ ಕೇಳಿದಳು. "ಅಲ್ಲವಾ, ಆ ಬಂಡಿಗೆ ನಿಂಬಿಹಣ್ಣ ಒಡದ್ರೇನು? ನಿಮ್ಮ ಮಾವ ಹೊಸ ಟೆಂಪೋ ತಂದಾಗ ಗಾಲಿಗೆ ಹಣ್ಣ ಇಟ್ಟು, ಹಿರ್ಯಾರನ್ನ ಕುಂದ್ರಿಸಿ, ಆಮ್ಯಾಲಲ್ಲೇನು ಓಡಿಸಿದ್ದು?"

ಕಾವೇರಿ ತಟ್ಟನೆ ತಲೆ ಎತ್ತಿದಳು.

ಮರುದಿನ ಸಾಹೇಬರು ಬಂದರು. ಬೆಳಿಗ್ಗೆ ಬರಬೇಕಾದವರು ಮಧ್ಯಾಹ್ನ ಬಂದರು. ಮಕ್ಕಳು ಬಿಸಿಲಲ್ಲಿ ನಿಂತು ಸ್ವಾಗತಗೀತೆ ಹಾಡಿದರು. ಆಮೇಲೆ ಭಾಷಣಗಳು ನಡೆದವು. ಎಲ್ಲರೂ ಕಲ್ಲನ್ನು ಹೊಗಳಿದರು. ಸಾಹೇಬರು ರಿಬ್ಬನ್ ಕತ್ತರಿಸಿದರು. ಹೊಸ ಅಂಗಿ ತೊಟ್ಟ ಕಾಂತು ಮೆಟ್ಟಿಲ ಕಡೆ ನಡೆದ.

ಅಷ್ಟರಲ್ಲಿ ಕಾವೇರಿ, ಗುಲನಾಜ ಅವನಿಗಿಂತ ಮುಂಚೆ ಮೇಲೇರಿ ಬುಟ್ಟಿಯೊಂದನ್ನು ಬೋರಲು ಹಾಕಿದರು.

ನಿಂಬೆಹಣ್ಣುಗಳು ದಡದಡ ಉರುಳಿದವು. ಟಪ್, ಟಪ್, ಟಪ್ಪೆಂದು ಕಲ್ಲಿಗೆ ಬಡಿದು ಒಡೆದವು. ಹುಳಿರಸ ಹಾರಿ ಮುಂದಿನ ಸಾಲಿನವರ ಬಿಳಿ ಅಂಗಿಗೆ ಬಿತ್ತು.

"ನೋಡಿದ್ರೇನ್ರಿ?" ಕಾವೇರಿ ಮೇಲಿನಿಂದ ಕೂಗಿದಳು.

ಊರವರೆಲ್ಲ ನೋಡಿದರು. ಜೋರಾಗಿ ಚಪ್ಪಾಳೆ ತಟ್ಟಿದರು!

"ಭೇಷ್! ದೃಷ್ಟಿ ಹೋತು!" ಎಂದರು ಅರುಣಕುಮಾರ ಸರ್. "ಹುಡುಗ್ರಿಗೆ ಪದ್ಧತಿ ಗೊತ್ತೈತಿ" ಎಂದು ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಗುಂಪಿನಲ್ಲಿದ್ದ ಆಯಿಯ ಸಂತೋಷವನ್ನಂತೂ ಕೇಳಲೇಬೇಡಿ.

ಅಯ್ಯೋ ದೇವರೇ! ಕಾವೇರಿಗೆ ಅಳು ಬಂತು. ಕೆಳಗೆ ಕಾಂತು ಆಗಲೇ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದ. ಅವಳು ಗುಲನಾಜಳ ಜೊತೆ ಸರಸರ ಇಳಿದು ಅವನ ಅಂಗಿ ಹಿಡಿದು ನಿಲ್ಲಿಸಿದಳು. ಕಣ್ಣೊರೆಸಿಕೊಂಡು ಸಾಹೇಬರತ್ತ ತಿರುಗಿದಳು.

"ಸಾಹೇಬ್ರ, ಪದ್ಧತಿ ಇನ್ನಾ ಮುಗದಿಲ್ರಿ. ಹೊಸ ಬಂಡ್ಯಾಗ ಮೊದಲ ಹಿರ್ಯಾರ ಕುಂದರಬೇಕ್ರಿ."

"ಖರೇ ಹೇಳ್ತಾಳ್ರಿ!" ಎಂದಳು ಆಯಿ.

ಫೋಟೋಗ್ರಾಫರಿಗೆ ಇದು ಬಹಳ ಹಿಡಿಸಿತು. "ಹತ್ರಿ ಸಾಹೇಬ್ರ! ಪೇಪರಿನಾಗ ಮಸ್ತ್ ಬರ್ತೈತಿ!"

ಸಾಹೇಬರು ನಗುತ್ತ ಹೂಮಾಲೆ ಸರಿಪಡಿಸಿಕೊಂಡರು. ಮೆಟ್ಟಿಲು ಏರಿದರು. ತುದಿಯಲ್ಲಿ ಕುಳಿತು ಕೈ ಬೀಸಿದರು. ಆಮೇಲೆ ಕೆಳಗೆ ನೋಡಿದರು.

ನಗು ನಿಂತಿತು.

ಅಲ್ಲಿಂದ ಹೆಸರಿಲ್ಲ, ಬಂಗಾರದ ಅಕ್ಷರವಿಲ್ಲ. ಬರೀ ಕಲ್ಲು. ಅದರ ಮೇಲೆ ಜಜ್ಜಿಹೋದ ನಿಂಬೆಹಣ್ಣು.

"ಇದನ್ನ... ಇಲ್ಲಿ ಯಾರ ಇಟ್ರು?" ಸಾಹೇಬರ ದನಿ ಸಣ್ಣಗಾಗಿತ್ತು.



"ಏನೂ ಆಗಂಗಿಲ್ರಿ!" ದುಂಡೇಶ ಕಾಕಾ ಧೈರ್ಯ ಹೇಳಿದರು. "ನಿಧಾನ ಜಾರ್ರಿ, ಸಾಹೇಬ್ರ!"

ಸಾಹೇಬರು ಜಾರಲಿಲ್ಲ. "ಮೊಣಕಾಲ ನೋವೈತಿ" ಎಂದು ಹಿಂದುಮುಂದಾಗಿ ಮೆಟ್ಟಿಲು ಹುಡುಕುತ್ತ ಇಳಿದರು.

"ಮೊದಲ ಆ ಕಲ್ಲ ತಗೀರಿ" ಎಂದರು.

"ಸಿಮೆಂಟ ಹಿಡದಬಿಟ್ಟೈತ್ರಿ" ಎಂದರು ಕಾಕಾ.

"ಹಂಗಾರ ಬಂಡಿ ತಿರುಗಸ್ರಿ."

"ಅದಕ್ಕ ಬ್ಯಾರೆ ಅನುದಾನ ಬೇಕ್ರಿ."

"ಅರ್ಜಿ ಕೊಡ್ರಿ" ಎಂದು ಸಾಹೇಬರು ಕಾರು ಹತ್ತಿದರು. ಅರ್ಜಿ ಹೋಯಿತು. ಅನುದಾನ ಬಂದರೆ ಬಂಡಿ ತಿರುಗಿಸಿದವರ ಹೆಸರಿಗೆ ಇನ್ನೊಂದು ಕಲ್ಲು ಬೇಕಾಗುತ್ತದೆ ಎಂಬ ಮಾತೂ ಚಹಾದಂಗಡಿಯಲ್ಲಿ ನಡೆಯಿತು. ಯಾರೂ ಹತ್ತದಂತೆ ಜಾರುಬಂಡಿಗೆ ಹಗ್ಗ ಬಿತ್ತು. ಕಾಂತು ಹೊಸ ಅಂಗಿ ಬಿಚ್ಚದೆ ಅತ್ತ.

ರವಿವಾರ ಕಾವೇರಿ ಆಯಿಯನ್ನು ಕಾಡಿ ಬೇಡಿ ತೊಗರಿ ಹೊಟ್ಟು ತಂದಳು. ಗುಲನಾಜ ಅಪ್ಪನ ಖಾಲಿ ಚೀಲಗಳನ್ನು ತಂದಳು. ಹೊಟ್ಟು ತುಂಬಿ ಬಾಯಿ ಹೊಲಿದು, ಕಲ್ಲಿನ ಬೆನ್ನಿಗೆ ಒತ್ತಿ ಒತ್ತಿ ಇಟ್ಟರು. ಹಗ್ಗ ಬಿಚ್ಚಿದರು. ಮೊದಲು ಕಾವೇರಿಯೇ ಜಾರಿ ನೋಡಿದಳು. ಧುಪ್! ಏನೂ ಆಗಲಿಲ್ಲ. ಆಮೇಲೆ ಕಾಂತುವಿನ ಪಾಳಿ. ಅವನ ಎಲ್ಲ ಹಲ್ಲುಗಳೂ ಕಾಣುತ್ತಿದ್ದವು.

"ಏ! ಯಾರಲೇ ಇಲ್ಲಿ ಹೊಲಸ ಚೀಲ ಇಟ್ಟಾರ?" ಕಾಕಾ ರಸ್ತೆ ದಾಟಿ ಓಡಿ ಬಂದರು. "ಫೋಟೋದಾಗ ಹೆಂಗ ಕಾಣ್ತೈತಿ?"

ಕಾವೇರಿಗೆ ಹೆದರಿಕೆಯಾಯಿತು. ಆದರೂ ಹೇಳಿದಳು. "ಒಂದ ಸಲ ಮ್ಯಾಲ ಹತ್ತಿ ನೋಡ್ರಿ ಕಾಕಾ."

ಕಾಕಾ ಆ ಕಡೆ ಈ ಕಡೆ ನೋಡಿದರು. ಚಹಾದಂಗಡಿ ಮುಚ್ಚಿತ್ತು. ಮೆಲ್ಲಗೆ ಚಪ್ಪಲಿ ಬಿಟ್ಟು ಒಂದೊಂದೇ ಮೆಟ್ಟಿಲು ಹತ್ತಿದರು. ತುದಿಯಲ್ಲಿ ಕುಳಿತು ಬಹಳ ಹೊತ್ತು ಕೆಳಗೆ ನೋಡಿದರು.

"ಭಾಳ ಹತ್ರ ಐತಲ್ವಾ ಕಲ್ಲು" ಎಂದರು. ಆಮೇಲೆ, ಇನ್ನೂ ಮೆಲ್ಲಗೆ, "ನಾವು ಸಣ್ಣಾವರಿದ್ದಾಗ ಊರಾಗ ಇಂಥಾದ್ದ ಇರಲಿಲ್ಲ ನೋಡು."

ಕಾಂತು ಕಿಸಕ್ಕೆಂದ. ಕಾವೇರಿ ಅವನನ್ನು ಮೊಣಕೈಯಿಂದ ತಿವಿದಳು. ಕಾಕಾ ಧೋತರದ ಚುಂಗು ಬಿಗಿಯಾಗಿ ಹಿಡಿದುಕೊಂಡು ಕೂಗಿದರು.

"ಕಾವೇರಿ, ಇನ್ನೊಂದ ಚೀಲ ಇಡವಾ. ನಾ ಭಾರ ಅದೇನಿ."

ಕಾವೇರಿ ನಗಲಿಲ್ಲ. ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪ ಚೀಲ ಆರಿಸಿ ತಂದು, ಕಲ್ಲಿಗೆ ಒರಗಿಸಿ, ಕೈಯಿಂದ ತಟ್ಟಿ ಮೆತ್ತಗೆ ಮಾಡಿದಳು.

"ಬರ್ರಿ ಕಾಕಾ" ಎಂದಳು.