ಬಿಳಿ ಮಣ್ಣಿನ ಇಳಿಜಾರು

ಟಿಕ್, ಟಿಕ್, ಟಿಕ್.

ರಾತ್ರಿ ಒಂದು ಗಂಟೆ ದಾಟಿತ್ತು. ವಸತಿಗೃಹದ ಅಂಗಳದಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ತಳ್ಳುವಾಗ ಹಿಂದಿನ ಚಕ್ರದ ಒಳಗಿನಿಂದ ಬರುವ ಸದ್ದು ಅದು. ಅಂಗಳದಲ್ಲಿ ಹನ್ನೊಂದು ಸೈಕಲ್‌ಗಳಿದ್ದವು. ಅವುಗಳಲ್ಲಿ ಹತ್ತರ ಸದ್ದು ಕೋಣೆಯಲ್ಲಿ ಮಲಗಿದ್ದ ಅವಳಿಗೆ ಒಂದೇ ಥರ ಕೇಳುತ್ತಿತ್ತು. ಇದು ಮಾತ್ರ ಬೇರೆ. ಒಣಗಿದ ಬೀಜಗಳನ್ನು ಡಬ್ಬಿಯಲ್ಲಿ ಹಾಕಿ ಮೆಲ್ಲಗೆ ಅಲ್ಲಾಡಿಸಿದ ಹಾಗೆ. ಎಂಟು ತಿಂಗಳಿಂದ, ಪ್ರತಿ ಏರುದಾರಿಯಲ್ಲೂ, ತನ್ನ ಬೆನ್ನ ಹಿಂದೆ ಕೇಳುತ್ತ ಬಂದ ಸದ್ದು.

ಅವಳು ಹೇಗೂ ನಿದ್ದೆ ಮಾಡಿರಲಿಲ್ಲ. ಎದ್ದು ಕಿಟಕಿಗೆ ಬಂದಳು. ಹಳೆಯ ಕೋಟೆಗೋಡೆಯ ಕಮಾನಿನ ಕೆಳಗೆ ಒಂದು ಟಾರ್ಚು ಹೊತ್ತಿಕೊಂಡಿತು. ಆಮೇಲೆ ಬೆಳಕೂ ಸದ್ದೂ ಗುಡ್ಡದ ದಿಕ್ಕಿಗೆ ಹೋದವು.

ಹೋಗಿದ್ದು ಮೆಕ್ಯಾನಿಕ್. ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಸೈಕಲ್ ಗುಂಪಿನವರು ಬಾಲಂಗೋಚಿ ಎನ್ನುತ್ತಿದ್ದರು. ಎಲ್ಲರಿಗಿಂತ ಗಟ್ಟಿ ಕಾಲು ಅವನದ್ದೇ. ಆದರೂ ಸದಾ ಕೊನೆಗೇ ಬರುತ್ತಿದ್ದ. ಯಾರದ್ದಾದರೂ ಟೈರು ಕೂತರೆ, ಚೈನು ಕಳಚಿದರೆ ಹಿಂದೆ ಒಬ್ಬರು ಇರಬೇಕಲ್ಲ ಎನ್ನುವುದು ಅವನ ಸಮಜಾಯಿಷಿ. ಅವಳಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಅವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಜೊತೆಗೆ ಏರು ಬಂದಾಗಲೆಲ್ಲ ಒಂದು ಗಳಿಗೆ ನಿಂತೇ ಮುಂದೆ ಹೋಗುವವಳು. ಹಾಗಾಗಿ ಪ್ರತಿ ಗುಡ್ಡದಲ್ಲೂ ಕೊನೆಗೆ ಉಳಿಯುತ್ತಿದ್ದವರು ಅವರಿಬ್ಬರೇ.

ನಿಂತಾಗ ಅವನೂ ನಿಲ್ಲುತ್ತಿದ್ದ. ಅವಳ ಉಸಿರು ಸರಿಯಾಗುವವರೆಗೆ ಬೇರೆ ಕಡೆ ನೋಡುತ್ತಿದ್ದ. ಬೆವರಿಳಿಯುವ ಮುಖವನ್ನು ನೋಡದೆ ಇರುವುದೂ ಒಂದು ಬಗೆಯ ನೋಟ ಎಂದು ಅವಳಿಗೆ ಅನ್ನಿಸಿದ್ದು ಅಲ್ಲೇ. ಅದನ್ನು ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಅವಳು ಹೇಳದ ಸಂಗತಿಯೇ ಇರಲಿಲ್ಲ.

ಅಲ್ಲ, ಒಂದಿತ್ತು. ಎರಡು ವಾರದಿಂದ ಅವಳ ನಿದ್ದೆ ಕೆಡಿಸಿದ್ದು ಅದೇ.

ಅವರ ಗುಂಪು ಡಾಂಬರು ಬಿಟ್ಟು ಜಲ್ಲಿ, ಮಣ್ಣು, ಗಾಡಿಜಾಡು ಹುಡುಕಿಕೊಂಡು ಹೋಗುವ ಗ್ರಾವೆಲ್ ಬೈಕ್‌ನವರದು. ಪ್ರತಿ ಯಾತ್ರೆಗೂ ಮುಂಚೆ ಒಬ್ಬರು ಇಡೀ ದಾರಿ ಸವಾರಿ ಮಾಡಿ ಬಂದು, ಎಲ್ಲಿ ತಿರುವು, ಎಲ್ಲಿ ನೀರು, ಎಲ್ಲಿ ಇಳಿದು ನಡೆಯಬೇಕು ಎಂದು ದಾರಿಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಚಕ್ರ ಮುಟ್ಟದ ಮಣ್ಣಿಗೆ ಅಕ್ಷರ ಬೇಡ. ಇದು ಗುಂಪು ಕಟ್ಟಿದ ಹೆಡ್ ಮೇಡಂ ಮಾಡಿದ ನಿಯಮ. ಅರವತ್ತಮೂರು ವರ್ಷದ ಆ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಎದುರು ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರೂ ಬಾಯಿ ತೆರೆಯಲು ಹೆದರುತ್ತಿದ್ದರು.

ಈ ಸಲ ದಾರಿ ಬರೆಯುವ ಕೆಲಸ ಅವಳಿಗೆ ಬಂದಿತ್ತು. ಬೆಟ್ಟದ ಸಾಲು, ಪಾಳುಬಿದ್ದ ಕಾವಲುಗೋಪುರ, ಕಲ್ಲುಚಪ್ಪಡಿಯ ಓಣಿಗಳ ಈ ಊರು, ಎಲ್ಲವನ್ನೂ ಒಬ್ಬಳೇ ಸುತ್ತಿದ್ದಳು. ಉಳಿದದ್ದು ಊರಿನಾಚೆಯ ಗುಡ್ಡದಿಂದ ನದಿಗೆ ಇಳಿಯುವ ಮೂರು ಕಿಲೋಮೀಟರ್. ಮೊದಲ ತಿರುವಿನಲ್ಲೇ ಮುಂದಿನ ಚಕ್ರದ ಕೆಳಗೆ ಜಲ್ಲಿ ಜಾರಿತು. ಬೀಳಲಿಲ್ಲ. ಆದರೆ ಮುಂದಕ್ಕೆ ಇಳಿಯುವ ಧೈರ್ಯ ಬರಲಿಲ್ಲ. ಸೈಕಲ್ ತಿರುಗಿಸಿ ಮೇಲೆ ಬಂದು, ನೆತ್ತಿಯಲ್ಲಿ ನಿಂತು ನೋಡಿದಳು. ಕೆಳಗೆ ಹಳೆಯ ಸೇತುವೆ ಅಡಿಕೋಲಿನಿಂದ ಎಳೆದ ಗೆರೆಯ ಹಾಗೆ ಕಂಡಿತು. ಅಲ್ಲೇ ಕೂತು ಬರೆದಳು: ‘ಇಳಿಜಾರು ಸುಲಭ. ಸೇತುವೆ ಗಟ್ಟಿಯಾಗಿದೆ. ಸೈಕಲ್ ಮೇಲೆಯೇ ದಾಟಬಹುದು.’ ಸಹಿ ಹಾಕಿದಳು.

ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸುವವಳು ತನ್ನ ಕೈಯಾರೆ ಬರೆದ ಮೂರು ಸುಳ್ಳು.

ನಿನ್ನೆ ಸಂಜೆ ಅವನು ಅವಳ ಬ್ರೇಕು ನೋಡುತ್ತ ತಲೆ ಎತ್ತದೆ ಕೇಳಿದ್ದ.

“ಆ ಸೇತುವೆ ಹೇಗಿದೆ?”

“ಚೆನ್ನಾಗಿದೆ.”

“ನೀವೇ ದಾಟಿದ್ರಲ್ಲ.”

“ದಾಟಿದೆ.”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಎಂಟು ತಿಂಗಳಲ್ಲಿ ಅವನು ಹಾಗೆ ನೆಟ್ಟಗೆ ನೋಡಿದ್ದು ಅದೇ ಮೊದಲು. ಅವಳು ಕಾದಿದ್ದ ನೋಟ ಬಂದಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿ ದಾರಿಪುಸ್ತಕವಿದ್ದ ಚೀಲವನ್ನು ಮುಚ್ಚಿಕೊಂಡಿತ್ತು.

ಈಗ ಅವನು ಕತ್ತಲಲ್ಲಿ ಎದ್ದು ಹೋಗಿದ್ದಾನೆ. ಗೊತ್ತಾಗಿರಬೇಕು. ಅಸಹ್ಯಪಟ್ಟು ಗುಂಪು ಬಿಟ್ಟೇ ಹೊರಟುಬಿಟ್ಟಿರಬೇಕು. ಅವಳು ಕಿಟಕಿಯ ಬಳಿಯಲ್ಲೇ ಕುಳಿತಿದ್ದಳು, ನಸುಕಿನಲ್ಲಿ ಅಲ್ಲೇ ಕಣ್ಣು ಹತ್ತಿತು.

ಬೆಳಕು ಹರಿದಾಗ ಅವನು ಅಂಗಳದಲ್ಲಿದ್ದ. ಏನೂ ಆಗಿಲ್ಲವೆಂಬಂತೆ ಸೈಕಲ್‌ಗಳ ಚೈನು ಒರೆಸುತ್ತಿದ್ದ. ಅವನ ಬೂಟು ಮಾತ್ರ ಪಾದದಿಂದ ಗಂಟಿನವರೆಗೆ ಬೆಳ್ಳಗೆ, ಹಿಟ್ಟಿನಲ್ಲಿ ಅದ್ದಿದ ಹಾಗಿತ್ತು. ಇಡೀ ದಾರಿಯಲ್ಲಿ ಅವಳು ತುಳಿದದ್ದೆಲ್ಲ ಕೆಂಪು ಮಣ್ಣು.

“ಕಣಿವೆ ಮಣ್ಣು ಬಿಳಿ,” ಅಂದ ಅವನು, ಬೇರೆ ಯಾರಿಗೂ ಕೇಳಿಸದ ಹಾಗೆ. “ಈ ಕಡೆ ಬಂದ ಸೈಕಲ್‌ಗಳನ್ನ ತೊಳೆದು ಗೊತ್ತು ನಂಗೆ. ಒದ್ದೆಯಾದ್ರೆ ಸುಣ್ಣದ ಥರ ಅಂಟ್ಕೊಳ್ಳತ್ತೆ, ತಿಂಗಳಾದ್ರೂ ಹೋಗಲ್ಲ. ಎರಡು ವಾರದ ಹಿಂದೆ ನಿಮ್ಮ ಸೈಕಲ್ ತೊಳೆದವನು ನಾನೇ. ಬರೀ ಕೆಂಪು ನೀರು ಬಂತು.”

ಅವನಿಗೆ ಎರಡು ವಾರದಿಂದ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾಗ ಅವನು ಎದುರಿಗೇ ಕೂತಿದ್ದ. ನಿನ್ನೆ ಸಂಜೆ ಕೇಳಿದ್ದು ಪ್ರಶ್ನೆಯಾಗಿರಲಿಲ್ಲ, ಅವಳಿಗಾಗಿ ತೆರೆದಿಟ್ಟ ಬಾಗಿಲಾಗಿತ್ತು. ಅವಳೇ ಅದನ್ನು ತನ್ನ ಮುಖದ ಮೇಲೆ ಮುಚ್ಚಿಕೊಂಡಿದ್ದಳು.

ಸೇತುವೆಯ ನಡುವೆ ಎರಡು ಚಪ್ಪಡಿ ಬಿದ್ದುಹೋಗಿವೆ, ಅಂಚಿನಲ್ಲಿ ಸೈಕಲ್ ಎತ್ತಿಕೊಂಡು ನಡೆದರೆ ತೊಂದರೆಯಿಲ್ಲ ಎಂದು ಅವನು ಹೇಳಿದ. ಅಪಾಯವಿದ್ದ ಕಡೆಯಲ್ಲೆಲ್ಲ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದನಂತೆ.

“ನೀವು ಹಾಕಿದ್ದು ಅಂತ್ಲೇ ಅಂದ್ಕೋತಾರೆ. ಸುಮ್ಮನಿದ್ದುಬಿಡಿ.”

ಅವಳು ಸುಮ್ಮನಿದ್ದಳು. ನಾಲ್ಕು ಕಿಲೋಮೀಟರ್ ಸುಮ್ಮನಿದ್ದಳು.

ಗುಡ್ಡದ ನೆತ್ತಿಯಲ್ಲಿ ಎಲ್ಲರೂ ನಿಂತರು. ಕೆಳಗೆ ನದಿ, ನದಿಯಾಚೆ ಮಾಡು ಕಳಚಿದ ಹಳೆಯ ಊರು, ಬೆಳಗಿನ ಬಿಸಿಲಿಗೆ ಹೊಳೆಯುವ ಬಿಳಿಯ ದಾರಿ. ಮೊದಲ ತಿರುವಿನ ಬಂಡೆಯ ಮೇಲೆ ದೊಡ್ಡದಾಗಿ ನೀಲಿಯಲ್ಲಿ ಬರೆದಿತ್ತು: ‘ನಿಧಾನ. ಜಲ್ಲಿ ಸಡಿಲ. ಸೇತುವೆಯಲ್ಲಿ ಇಳಿಯಿರಿ.’

ಹೆಡ್ ಮೇಡಂ ಕನ್ನಡಕ ಏರಿಸಿ ಅದನ್ನು ಓದಿದರು. ಆಮೇಲೆ ಅವಳ ಬೆನ್ನು ತಟ್ಟಿ, ಪುಸ್ತಕದಲ್ಲಿ ಬರೆದದ್ದು ಸಾಲದು ಎಂದು ಮತ್ತೆ ಬಂದು ಬಂಡೆಯ ಮೇಲೂ ಬರೆದುಹೋಗಿದ್ದಾಳೆ, ಜವಾಬ್ದಾರಿ ಎಂದರೆ ಇದು, ನೋಡಿ ಕಲಿಯಿರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಲ್ಲಿನ ಡಾಕ್ಟರು ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಎಲ್ಲರೂ ತಟ್ಟಿದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಚಪ್ಪಾಳೆ ಮೈಮೇಲೆ ಕುದಿಯುವ ನೀರಿನಂತೆ ಬಿತ್ತು. ಅವನು ಹಿಂದಿನಿಂದ ಸಣ್ಣಗೆ ತಲೆಯಾಡಿಸುತ್ತಿದ್ದ, ಬೇಡ ಎಂದು.

“ಅದು ನಾನು ಬರೆದಿದ್ದಲ್ಲ, ಮೇಡಂ. ನಾನು ಈ ದಾರಿ ಇಳಿದೇ ಇಲ್ಲ. ಹೆದರಿಕೆಯಾಗಿ ವಾಪಸ್ ಬಂದೆ. ಇಲ್ಲಿಂದಲೇ ನೋಡಿ ಬರೆದೆ. ಸೇತುವೆ ಮುರಿದಿದೆ. ಇವರು ರಾತ್ರಿ ಹೋಗಿ ನೋಡ್ಕೊಂಡು ಬರದಿದ್ರೆ ನಿಮ್ಮಲ್ಲಿ ಯಾರಾದ್ರೂ ಬಿದ್ದಿರೋರು.”

ಯಾರೋ ಹೆಲ್ಮೆಟ್ಟಿನ ಪಟ್ಟಿ ಸುಮ್ಮನೆ ಬಿಚ್ಚಿ ಹಾಕಿದರು. ಹೆಡ್ ಮೇಡಂ ಕೈ ಚಾಚಿದರು. ಅವಳು ದಾರಿಪುಸ್ತಕ ಕೊಟ್ಟಳು. ಅವರು ಆ ಪುಟ ತೆಗೆದು, ಅವಳ ಸಹಿಯ ಮೇಲೆ ಒಂದೇ ಒಂದು ಗೆರೆ ಎಳೆದರು.

“ಹೆದರಿದ್ದು ತಪ್ಪಲ್ಲ. ಹೆದರಿದೆ ಅಂತ ಬರೆಯಬೇಕಿತ್ತು,” ಎಂದರು. “ಕೊನೆಗೆ ಬಾ, ಬಾಲಂಗೋಚಿ ಜೊತೆ.”

ಒಬ್ಬೊಬ್ಬರಾಗಿ ಇಳಿದರು. ಯಾರೂ ಅವಳ ಕಡೆ ನೋಡಲಿಲ್ಲ. ಧೂಳು ಎದ್ದು ಕೂತಿತು. ನೆತ್ತಿಯಲ್ಲಿ ಇಬ್ಬರೇ ಉಳಿದರು.

ಅವನು ಬೂಟಿನ ದಾರ ಬಿಚ್ಚಿ ಕಟ್ಟಿದ. ಟೈರು ಒತ್ತಿ ನೋಡಿದ. ಪಂಪು ತೆಗೆದ, ಮತ್ತೆ ಒಳಗಿಟ್ಟ. ನೀವು ಮುಂದೆ ಹೋಗಿ, ಚೈನು ನೋಡಿಕೊಂಡು ಬರುತ್ತೇನೆ ಎಂದ. ಪ್ರತಿ ಕಡಿದಾದ ಇಳಿಜಾರಿನ ತಲೆಯಲ್ಲೂ ಅವನು ಹೇಳುತ್ತಿದ್ದ ಅದೇ ಮಾತು. ಅವಳು ಅದನ್ನು ಸೌಜನ್ಯ ಎಂದುಕೊಂಡಿದ್ದಳು.

ಈ ಸಲ ಅವಳು ಹೋಗಲಿಲ್ಲ. ಕಲ್ಲಿನ ಮೇಲೆ ಕೂತಳು. ಇನ್ನು ಮುಚ್ಚಿಡಲು ಅವಳ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ನೋಡಲು ಪುರುಸೊತ್ತಿತ್ತು. ಅವನ ಕೈಯಲ್ಲಿದ್ದ ಸೈಕಲ್ಲಿನ ಹ್ಯಾಂಡಲ್ ಸಣ್ಣಗೆ ನಡುಗುತ್ತಿತ್ತು. ಬ್ರೇಕು ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

“ನಿಮ್ಮ ಚೈನಿಗೆ ಏನೂ ಆಗಿಲ್ಲ,” ಅಂದಳು.

“ಇಲ್ಲ.”

“ಮತ್ತೆ?”

ಅವನು ಸೈಕಲ್ಲನ್ನು ಬಂಡೆಗೆ ಒರಗಿಸಿದ. ಆಮೇಲೆ ಹೇಳಿದ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಇಳಿಜಾರು. ಅವನು ಮುಂದೆ, ಅವನ ತಮ್ಮ ಹಿಂದೆ. ಬ್ರೇಕು ಹಿಡಿಯಬೇಡ, ನನ್ನ ಜಾಡಿನಲ್ಲೇ ಬಾ ಎಂದು ಕೂಗಿ ಹೇಳಿದವನು ಅವನೇ. ತಮ್ಮ ಬಂದ. ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡ.

“ಅವನು ಈಗ ಓಡಾಡ್ತಾನೆ, ಫುಟ್‌ಬಾಲ್ ಆಡ್ತಾನೆ. ಮರೆತೂ ಬಿಟ್ಟಿದಾನೆ. ನನ್ನ ಕೈ ಮರೆತಿಲ್ಲ. ಅವತ್ತಿಂದ ಒಂದು ಕಡಿದಾದ ಇಳಿಜಾರನ್ನೂ ಸೈಕಲ್ ಮೇಲೆ ಇಳಿದಿಲ್ಲ ನಾನು. ನಡ್ಕೊಂಡೇ ಬರ್ತೀನಿ. ಎಲ್ಲರ ಹಿಂದೆ ಇದ್ರೆ ಯಾರೂ ನೋಡಲ್ಲ.”

“ರಾತ್ರಿ?”

“ರಾತ್ರಿನೂ ಅಷ್ಟೇ. ಮೂರು ಕಿಲೋಮೀಟರ್ ತಳ್ಕೊಂಡು ಹೋದೆ. ಇನ್ನೇನು, ಹಾರ್ಕೊಂಡು ಹೋದೆ ಅಂದ್ಕೊಂಡ್ರಾ?”

ಅದರ ಮೇಲೆ ಎಲ್ಲರೂ ಹೊಗಳುತ್ತಾರೆ, ಅವನು ನಮಗೋಸ್ಕರ ಹಿಂದೆ ಉಳಿಯುತ್ತಾನೆ ಎಂದು. ಪ್ರತಿ ಸಲವೂ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ ಎಂದ.

ಅವಳಿಗೆ ಈಗ ತಾನೆ ಕೇಳಿದ ಚಪ್ಪಾಳೆ ನೆನಪಾಯಿತು. ಅವನು ಅದನ್ನು ಎರಡು ವರ್ಷದಿಂದ ಕೇಳುತ್ತಿದ್ದಾನೆ.

“ನಿಮ್ಮ ಟೈರಲ್ಲಿ ಬರೀ ಕೆಂಪು ಮಣ್ಣು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ,” ಅಂದ. “ಹೇಳೋಕೆ ನಾಚಿಕೆಯಾಗತ್ತೆ. ಖುಷಿಯಾಯ್ತು. ನನ್ನ ಥರ ಇನ್ನೊಬ್ರು ಇದಾರಲ್ಲ ಅಂತ. ಅದೂ ನೀವು. ಇಷ್ಟವಾಗಿದ್ದು ಅದಕ್ಕೂ ಮುಂಚೇನೇ, ಬಿಡಿ. ಮೊದಲನೇ ಗುಡ್ಡದಲ್ಲಿ ನೀವು ನಿಂತು, ‘ಒಂದು ನಿಮಿಷ’ ಅಂದಾಗಲೇ.”

ಅವಳ ಕಿವಿ ಬಿಸಿಯಾಯಿತು. ನಾಚಿಕೆಗೂ ಅವಮಾನಕ್ಕೂ ಮೈ ಕಾಯುವುದು ಒಂದೇ ಥರ. ಇವತ್ತು ಯಾವುದು ಯಾವುದೆಂದು ಬಿಡಿಸಿ ನೋಡಲು ಅವಳಿಗೆ ಆಗಲಿಲ್ಲ.

“ಆ ಒಂದು ನಿಮಿಷ ಅಷ್ಟು ಬೇಕಾಗಿರ್ಲಿಲ್ಲ ನಂಗೆ,” ಅಂದಳು. “ಅರ್ಧ ನಿಮಿಷ ಸಾಕಾಗ್ತಿತ್ತು. ಉಳಿದರ್ಧ ನೀನು ನಿಲ್ತೀಯಲ್ಲ ಅಂತ.”

‘ನೀನು’ ಬಾಯಿಯಿಂದ ಜಾರಿಹೋಗಿತ್ತು. ಅವಳು ತಿದ್ದಲಿಲ್ಲ.

ಇಬ್ಬರೂ ಸೈಕಲ್ ತಳ್ಳಿಕೊಂಡು ಇಳಿದರು. ಅವನು ಕಣಿವೆಯ ಕಡೆ, ಅವಳು ಗುಡ್ಡದ ಕಡೆ, ಸೈಕಲ್ಲುಗಳು ಅವರ ಹೊರಬದಿಗೆ. ಎರಡು ಚಕ್ರಗಳ ಟಿಕ್ ಟಿಕ್ ಒಮ್ಮೆ ಕೂಡಿ, ಒಮ್ಮೆ ಹಿಂದುಮುಂದಾಗಿ ಕೇಳುತ್ತಿತ್ತು. ಮೂರನೇ ತಿರುವಿನಲ್ಲಿ ಅವಳ ಕಾಲು ಜಾರಿದಾಗ ಅವನ ಕೈ ಬಂತು. ಆಮೇಲೆ ಆ ಕೈ ವಾಪಸ್ ಹೋಗಲಿಲ್ಲ. ಒಂದು ಕೈಯಲ್ಲಿ ಸೈಕಲ್ ತಳ್ಳುವುದು ಕಷ್ಟ. ಇಬ್ಬರೂ ಆ ಕಷ್ಟ ಹೇಳಿಕೊಳ್ಳಲಿಲ್ಲ.

ಸೇತುವೆಯ ಬಳಿ ಕೊನೆಯ ತಿರುವಿಗೆ ಮುಂಚೆ ಕೈ ಬಿಟ್ಟರು. ಉಳಿದವರೆಲ್ಲ ಆಚೆ ದಡ ಸೇರಿ ಕಲ್ಲುಗಳ ಮೇಲೆ ಕೂತಿದ್ದರು. ಹೆಡ್ ಮೇಡಂ ಈಚೆಯೇ ಕಾಯುತ್ತಿದ್ದರು. ಗಡಿಯಾರ ತೋರಿಸಿ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ಅವನು ಬಾಯಿ ತೆರೆದ. ಹೇಳಿಯೇಬಿಡುತ್ತಾನೆ ಎಂದು ಅವಳಿಗೆ ಗೊತ್ತಾಯಿತು. ಅವಳು ಹೇಳಿದ್ದಾಳೆ, ಇನ್ನು ತಾನು ಸುಮ್ಮನಿರುವುದು ಹೇಗೆ ಎಂದು ಅವನಿಗೆ ಅನ್ನಿಸಿರಬೇಕು. ಆದರೆ ಅದು ಅವನು ತನ್ನ ದಿನ ನೋಡಿಕೊಂಡು ಹೇಳಬೇಕಾದ ಮಾತು. ಅವಳ ಅವಮಾನದ ಬಾಲ ಹಿಡಿದು ಹೊರಗೆ ಬರಬಾರದು.

“ನಾನು ನಡ್ಕೊಂಡು ಬಂದೆ, ಮೇಡಂ,” ಅಂದಳು. “ಈ ಸಲಾನೂ ಹೆದರಿಕೆಯಾಯ್ತು.”

ಮೇಡಂ ಅವಳ ಬೂಟು ನೋಡಿದರು. ಗಂಟಿನವರೆಗೆ ಬೆಳ್ಳಗಿತ್ತು. ಸರಿ, ಬರೆದುಕೋ ಎಂದು ದಾರಿಪುಸ್ತಕ ಅವಳ ಕೈಗೆ ವಾಪಸ್ ಇಟ್ಟು, ಸೈಕಲ್ ಎತ್ತಿಕೊಂಡು ಸೇತುವೆಯ ಅಂಚಿಗೆ ನಡೆದರು.

ಸಂಜೆ ಅಕ್ಕನ ಫೋನು ಬಂತು. ಅವಳು ಎಲ್ಲ ಹೇಳಿದಳು: ಸುಳ್ಳು ಬರೆದದ್ದು, ಚಪ್ಪಾಳೆ, ಸಹಿಯ ಮೇಲೆ ಬಿದ್ದ ಗೆರೆ. ಹೇಳುತ್ತ ಅತ್ತಳು ಕೂಡ. ಅಕ್ಕ ಸಮಾಧಾನ ಮಾಡಿ, ಆಮೇಲೆ ಆ ಇಳಿಜಾರಿನಲ್ಲಿ ಏನಾಯಿತು, ಬಾಲಂಗೋಚಿ ಏನಂದ ಎಂದು ಕೆಣಕಿದಳು.

ಅವಳು ತೊಡೆಯ ಮೇಲಿದ್ದ ಪುಟ ನೋಡಿದಳು. ಗೆರೆ ಎಳೆದ ಸಹಿಯ ಕೆಳಗೆ ಹೊಸದಾಗಿ ಬರೆದಿದ್ದಳು: ‘ಮೂರು ಕಿ.ಮೀ. ಕಡಿದಾದ ಇಳಿಜಾರು. ನಾನು ನಡೆದು ಇಳಿದೆ.’ ಇಬ್ಬರು ಎಂದು ಬರೆದಿರಲಿಲ್ಲ. ತುಳಿಯದ ದಾರಿಯನ್ನು ಬರೆದು ತಲೆ ತಗ್ಗಿಸಿದ್ದಾಗಿತ್ತು. ತುಳಿದ ಈ ದಾರಿಯನ್ನು ಬರೆಯದೆ, ಯಾರಿಗೂ ಹೇಳದೆ ಇಟ್ಟುಕೊಳ್ಳುವುದೆಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

“ಅದೊಂದು ಕೇಳಬೇಡ ಕಣೇ ಅಕ್ಕಾ,” ಅಂದಳು.