ನೊಣ ಕೂರದ ಬಾಲ

“ಮತ್ತೆ ಹನ್ನೆರಡು ಲೀಟರ್ ಮಾಯ! ಕೀ ಕೊಡು!”

ಕೌಲಾಕ್ ಬಸ್ ನಿಲ್ದಾಣದ ಅರ್ಧ ಜನ ತಿರುಗಿ ನೋಡಿದರು. ಹಾಜಿ ಮೋಮಾರ್ ತಾಲ್ ತಮ್ಮ ಏಳು ಸೀಟಿನ ಹಳೇ ಡೀಸೆಲ್ ಕಾರಿನ ಮುಂದೆ ಕೈ ಚಾಚಿ ನಿಂತಿದ್ದರು. ಕಡ್ಡಿ ಮುರಿದ ಕನ್ನಡಕಕ್ಕೆ ಸುತ್ತಿದ್ದ ಹಸಿರು ತಂತಿ ಕೂಡ ಸಿಟ್ಟಿಗೆ ಅದುರುತ್ತಿತ್ತು. ಎದುರಿಗೆ ಡ್ರೈವರ್ ಬಿರಾಮ್. ಹನ್ನೊಂದು ವರ್ಷ ಅದೇ ಗಾಡಿ ಓಡಿಸಿದವನು.

“ಯಜಮಾನ್ರೇ, ನಾನು ಒಂದು ಹನಿ ಡೀಸೆಲ್ ಮಾರಿಲ್ಲ.”

“ಮತ್ತೆ ಎಲ್ಲೋಯ್ತು? ಕುಡಿದ್ಯಾ?”

ಬಿರಾಮ್ ಕೀ ಕೊಟ್ಟ. ಅವನ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ. ನಾನು ಸಾಲಿಫ್, ಅಲ್ಲೇ ಪಕ್ಕದಲ್ಲಿ ಪಂಕ್ಚರ್ ಹಾಕುವವನು. ಡೀಸೆಲ್ ಕಳ್ಳ ಅನ್ನಿಸಿಕೊಂಡವನಿಗೆ ಈ ನಿಲ್ದಾಣದಲ್ಲಿ ಯಾರೂ ಸ್ಟೀರಿಂಗ್ ಮುಟ್ಟಗೊಡುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ತಾಂಬಾಕುಂಡಾಕ್ಕೆ ಮುಂದಿನ ಸರದಿ ಇದೇ ಗಾಡಿಯದು. ಐದು ಜನ ಆಗಲೇ ಕೂತಾಗಿತ್ತು. ಇನ್ನಿಬ್ಬರು ಬಂದರೆ ಹೊರಡಬೇಕು. ಹಾಜಿ ಹೊಸ ಡ್ರೈವರನನ್ನೂ ಕರೆತಂದಿದ್ದರು.

“ಹಾಜಿಯವರೇ, ಏಳನೆಯವರು ಬರೋ ತನಕ ಟೈಮ್ ಕೊಡಿ,” ಎಂದೆ. “ಯಾಂದಕ್ಕನ್ನ ಕರ್ಕೊಂಡು ಬರ್ತೀನಿ.”

“ಇಬ್ರು ಮೆಕ್ಯಾನಿಕ್‌ಗಳು ನೋಡಿ ಆಯ್ತು. ಸೋರಿಕೆ ಇಲ್ಲ!”

“ಏಳನೆಯವರು ಬರೋ ತನಕ ಅಷ್ಟೇ!”

ಹಾಜಿ ‘ಹ್ಞೂಂ’ ಅನ್ನುವ ಮೊದಲೇ ನಾನು ಓಡಿದ್ದೆ.

ಯಾಂದೆ ಫಾಯ್ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್. ಅವಸರ ಅನ್ನುವುದು ಅವಳ ಜಾತಕದಲ್ಲೇ ಇಲ್ಲ. ಚಹಾದ ಎರಡನೇ ಲೋಟ ಕೈಯಲ್ಲಿ ಹಿಡಿದೇ ಬಂದಳು.

“ನನ್ನ ಆಳು ಕೂಗಾಡ್ತಿದ್ದಾನೆ ಅಂದ್ರು. ಏನೋ ತಾಲ್, ಬೆಳಗ್ಗೆ ಅನ್ನ ಕಮ್ಮಿ ಬಿತ್ತಾ?”

“ಯಾರೇ ನಿನ್ನ ಆಳು, ಸೆರೇರ್ ಹೆಂಗಸೇ?” ಹಾಜಿ ಗದರಿದರು. ಆದರೆ ತುಟಿ ನಗುವಿಗೆ ತಿರುಗಿತ್ತು. ಸೆರೇರ್ ಪಂಗಡದ ಫಾಯ್ ಮನೆತನದವರು ತಾಲ್ ಮನೆತನದವರನ್ನು ಬಾಯಿಗೆ ಬಂದಂತೆ ಹೀಯಾಳಿಸಬಹುದು. ಸಿಟ್ಟು ಮಾಡಿಕೊಂಡರೆ ತಾಲ್‌ಗೇ ಅವಮಾನ. ಅಜ್ಜ ಮುತ್ತಜ್ಜಂದಿರ ಕಾಲದ ಸಲಿಗೆ ಅದು.

“ಎಷ್ಟು ದಿನದಿಂದ ಹೀಗೆ?” ಯಾಂದೆ ಕೇಳಿದಳು.

“ಮೂರು ವಾರ. ಪ್ರತಿ ಟ್ರಿಪ್ಪಿಗೂ!”

“ಪ್ರತಿ ಟ್ರಿಪ್ಪಿಗೂ? ಖಂಡಿತಾ?”

“ಒಂದು ಬಿಟ್ಟು. ಶುಕ್ರವಾರ ನಾನೇ ಪಕ್ಕದಲ್ಲಿ ಕೂತು ಫಾತಿಕ್‌ಗೆ ಹೋಗಿ ಬಂದೆ. ಒಂದು ಚಮಚನೂ ಹೆಚ್ಚುಕಮ್ಮಿ ಇಲ್ಲ! ನಾನಿದ್ರೆ ಸರಿ, ನಾನಿಲ್ದಿದ್ರೆ ಮಾಯ. ಇನ್ನೇನು ಸಾಕ್ಷಿ ಬೇಕು?”

ಹೊಸ ಡ್ರೈವರ್ ಗಾಡಿಯತ್ತ ಒಂದು ಹೆಜ್ಜೆ ಇಟ್ಟ.

“ಶುಕ್ರವಾರ ಗಾಡೀಲಿ ಇನ್ಯಾರಿದ್ರು?”

“ಯಾರೂ ಇಲ್ಲ. ನಾವಿಬ್ರೇ.”

“ಹ್ಞಾ,” ಎಂದು ಯಾಂದೆ ಚಹಾ ಹೀರಿದಳು. “ಬಿರಾಮ್, ಗಾಡಿ ನಿಲ್ಸೋ ಜಾಗದಲ್ಲಿ ನೆಲದ ಮೇಲೆ ಕಲೆ?”

“ಇಲ್ಲಕ್ಕ.”

“ಹಿಂದುಗಡೆ ಬಾಡಿ ಮೇಲೆ ಧೂಳು ಅಂಟಿರುತ್ತಾ?”

“ರಸ್ತೇಲಿ ಧೂಳು ಇದ್ದೇ ಇರುತ್ತಲ್ಲ. ದಿನಾ ಸಂಜೆ ಸೋಪು ಹಾಕಿ ತೊಳೀತೀನಿ.”

“ಎಲ್ಲಾನೂ?”

“ಎಲ್ಲಾನೂ. ಈ ಬಾಲ ಬಿಟ್ಟು.”

ಹಿಂದಿನ ಬಂಪರಿನ ಕೆಳಗೆ ಹಸುವಿನ ಬಾಲವೊಂದು ತೂಗಾಡುತ್ತಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅಪಾಯ ತಟ್ಟದಿರಲಿ ಎಂದು ಇಲ್ಲಿ ಅರ್ಧ ಗಾಡಿಗಳು ಬಾಲ ಕಟ್ಟಿಕೊಂಡೇ ಓಡುತ್ತವೆ. ಅದನ್ನು ತೊಳೆದರೆ ಶಕ್ತಿಯೂ ತೊಳೆದುಹೋಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಕಟ್ಟಿದ್ದನ್ನಂತೂ ಯಾರೂ ಮುಟ್ಟುವುದಿಲ್ಲ.

ಆರನೆಯವನು ಬಂದು ಕೂತ!

ಯಾಂದೆ ಎದುರಂಗಡಿಯಿಂದ ಮಕ್ಕಳ ಪೌಡರಿನ ಡಬ್ಬಿ ತರಿಸಿದಳು. ಗಾಡಿಯ ಕೆಳಗೆ ತೂರಿ ಎಂಜಿನ್ನಿನಿಂದ ಟ್ಯಾಂಕಿನ ತನಕ ಪೈಪುಗಳನ್ನೆಲ್ಲ ಒರೆಸಿ, ಮೇಲೆ ದಪ್ಪಗೆ ಪೌಡರ್ ಉದುರಿಸಿದಳು. ಡೀಸೆಲ್ ಎಲ್ಲಿ ಜಿನುಗಿದರೂ ಬಿಳಿಯ ಮೇಲೆ ಕಪ್ಪಗೆ ಕಾಣಲೇಬೇಕು. ಎಂಜಿನ್ ಚಾಲೂ ಮಾಡಿಸಿದಳು. ಎರಡು ನಿಮಿಷ... ಐದು ನಿಮಿಷ... ನಾನು ಬಗ್ಗಿ ನೋಡಿದೆ.

ಎಲ್ಲಾ ಬೆಳ್ಳಗೇ ಇತ್ತು!

“ನೋಡಿದ್ಯಾ?” ಹಾಜಿ ಗುಡುಗಿದರು. “ಕಳ್ಳ ಗಾಡಿಯ ಕೆಳಗಿಲ್ಲ, ಗಾಡಿ ಪಕ್ಕ ನಿಂತಿದ್ದಾನೆ!”

ಯಾಂದೆ ಎದ್ದು ಬಟ್ಟೆ ಕೊಡವಿಕೊಂಡಳು. ಗಾಡಿಯ ಹಿಂದೆ ನಿಂತು ಸುಮ್ಮನೆ ನೋಡತೊಡಗಿದಳು.

“ಸಾಲಿಫ್, ಇಲ್ಲಿ ನೊಣ ಎಲ್ಲೆಲ್ಲಿ ಕೂತಿದೆ ಹೇಳು.”

“ಅಕ್ಕಾ, ಇದೇನಾ ನೊಣ ಎಣಿಸೋ ಹೊತ್ತು?”

“ಹೇಳೋ!”

“ನನ್ನ ಕಿವಿ ಮೇಲೆ. ಹಾಜಿಯವರ ಟೋಪಿ ಮೇಲೆ. ನಿನ್ನ ಚಹಾದ ಮೇಲೆ. ಕೌಲಾಕ್‌ನಲ್ಲಿ ನೊಣ ಎಲ್ಲಿ ಕೂರಲ್ಲ?”

“ಅದೇ ನನ್ನ ಪ್ರಶ್ನೆ,” ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಒಣಮೀನು ಮಾರುವ ತೆನಿಂಗಮ್ಮ ಮೂರು ಬುಟ್ಟಿಗಳ ಸಮೇತ ಬಂದೇಬಿಟ್ಟಳು. ಬುಟ್ಟಿಗಳು ಟಾಪಿಗೇರಿದವು. ತೆನಿಂಗಮ್ಮ ಹಿಂದಿನ ಸೀಟಿನಲ್ಲಿ ಧೊಪ್ಪನೆ ಕೂತಳು. ಗಾಡಿಯ ಹಿಂಭಾಗ ಜಗ್ಗಿತು.

“ಏಳಾಯ್ತು! ಮಾತು ಮುಗೀತು,” ಎಂದರು ಹಾಜಿ.

“ಮುಗಿದಿಲ್ಲ!” ಯಾಂದೆಯ ದನಿ ಒಮ್ಮೆಲೇ ಏರಿತು. “ಈಗ ಶುರು. ಬಿರಾಮ್ ಗೇಟಿನ ತನಕ ಓಡಿಸ್ಕೊಂಡು ಬರಲಿ. ಒಂದೇ ಸುತ್ತು. ಬೇಡ ಅಂದ್ರೆ ತಾಲ್‌ಗಳು ಹೆದರುಪುಕ್ಕಲರು ಅಂತ ಊರೆಲ್ಲಾ ಸಾರ್ತೀನಿ!”

ಹಾಜಿ ಹಲ್ಲು ಕಚ್ಚಿ ಕೀ ಎಸೆದರು.

“ಸಾಲಿಫ್, ಹಿಂದೆ ಓಡು! ಕಣ್ಣು ಬಾಲದ ಮೇಲಿರಲಿ!”

ನಾನು ಹೊಗೆ ನುಂಗುತ್ತಾ ಓಡಿದೆ. ಗುಂಡಿಯಿಂದ ಗುಂಡಿಗೆ ಗಾಡಿ ಕುಪ್ಪಳಿಸುತ್ತಿತ್ತು, ಒಳಗೆ ತೆನಿಂಗಮ್ಮ ಬಿರಾಮನ ಇಡೀ ವಂಶವನ್ನು ಬೈಯುತ್ತಿದ್ದಳು. ಬಾಲ? ಬಾಲ ಈಗ ತೂಗಾಡುತ್ತಿರಲಿಲ್ಲ. ಭಾರಕ್ಕೆ ಹಿಂಭಾಗ ಕುಸಿದು ಬಾಲ ನೆಲ ಮುಟ್ಟಿತ್ತು. ಕಲ್ಲು ಸಿಕ್ಕಾಗೆಲ್ಲ ಹಿಂದಕ್ಕೆ ಜಗ್ಗುತ್ತಿತ್ತು. ಮಣ್ಣಿನ ಮೇಲೆ ಅದು ಎಳೆದ ಗೆರೆ... ಒದ್ದೆ!

“ಅಕ್ಕಾ! ಒದ್ದೆ! ಒದ್ದೆ ಗೆರೆ!” ನಾನು ಹುಚ್ಚನಂತೆ ಕಿರುಚಿದೆ.

ಗಾಡಿ ಬಂದು ನಿಂತಿತು. ಎಲ್ಲರೂ ನೆಲಕ್ಕೆ ಮಂಡಿಯೂರಿದರು, ಹಾಜಿ ಕೂಡ. ಬೆಳ್ಳಗಿದ್ದ ಪೈಪಿನ ಮೇಲೆ ಒಂದೇ ಒಂದು ಕಪ್ಪು ಗೆರೆ ಮೂಡಿತ್ತು. ಅದು ಇಳಿದುಬಂದು ನೇರ ಬಾಲದ ಬುಡ ಸೇರುತ್ತಿತ್ತು.

“ಎಂಜಿನ್ ಸುಡದೆ ಉಳಿಸಿದ ಡೀಸೆಲ್ಲು ಈ ರಬ್ಬರ್ ಪೈಪಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತೆ,” ಎಂದಳು ಯಾಂದೆ. “ಬಾಲ ಕಟ್ಟಿದ ಪುಣ್ಯಾತ್ಮ ಬಂಪರಿನಡಿ ಕೈಹಾಕಿ, ಸಿಕ್ಕಿದ್ದಕ್ಕೆ ತಂತಿ ಸುತ್ತಿದ್ದಾನೆ, ತಂತಿ ಪೈಪನ್ನೇ ಸೀಳಿದೆ. ಜನ ತುಂಬಿದ್ರೆ ಬಾಲ ನೆಲಕ್ಕೆ ತಾಗುತ್ತೆ, ತಂತಿ ಜಗ್ಗುತ್ತೆ, ಸೀಳು ಬಾಯಿ ಬಿಡುತ್ತೆ. ಖಾಲಿ ಗಾಡೀಲಿ ಸೀಳು ಮುಚ್ಚಿಕೊಳ್ಳುತ್ತೆ. ಶುಕ್ರವಾರ ಡೀಸೆಲ್ ಉಳಿದಿದ್ದು ನೀನು ಕಾವಲಿದ್ದೆ ಅಂತ ಅಲ್ಲ ಕಣೋ ತಾಲ್. ಗಾಡಿ ಖಾಲಿ ಇತ್ತು!”

“ಆ ಇಬ್ರು ಮೆಕ್ಯಾನಿಕ್‌ಗಳು?” ನಾನು ಕೇಳಿದೆ.

“ಜಾಕ್ ಹಾಕಿ ಎತ್ತಿ ನೋಡಿದ್ರು. ಬಾಲ ಗಾಳೀಲಿತ್ತು. ಅದನ್ನ ಮುಟ್ಟೋಕೆ ಧೈರ್ಯ ಯಾರಿಗಿದೆ? ಬಿರಾಮ್ ಬಾಡಿ ಮೇಲಿನ ಜಿಡ್ಡನ್ನೆಲ್ಲ ತನ್ನ ಕೈಯಾರೆ ತೊಳೆದುಹಾಕ್ತಿದ್ದ. ಗಾಡಿ ನಿಂತಾಗ ಉಳಿದ ಹನಿನ ಬಾಲ ಹೀರಿಕೊಳ್ತಿತ್ತು. ಸಾಕ್ಷಿ ಉಳಿದಿದ್ದು ಆ ಕೂದಲಲ್ಲಿ ಮಾತ್ರ. ಮೂರು ವಾರದ ಹಸಿ ಬಾಲ, ಒಂದು ನೊಣಾನಾದ್ರೂ ಕೂರಬೇಡ್ವಾ? ಡೀಸೆಲ್ ಕುಡಿದ ಬಾಲದ ಹತ್ರ ಯಾವ ನೊಣ ಬರುತ್ತೆ?”

“ಬಾಲ ನಂದಲ್ಲ,” ಬಿರಾಮ್ ಮೆಲ್ಲಗೆ ಹೇಳಿದ. “ಮೂರು ವಾರದ ಹಿಂದೆ ಒಂದು ಬೆಳಗ್ಗೆ ನೋಡಿದ್ರೆ ಇತ್ತು. ಯಾರೋ ನನ್ನ ಒಳ್ಳೇದಕ್ಕೆ ಕಟ್ಟಿದ್ದಾರೆ ಅಂತ ಸುಮ್ನಿದ್ದೆ.”

ಯಾಂದೆ ತಂತಿಯನ್ನು ಕತ್ತರಿಸಿ ಎತ್ತಿ ಹಿಡಿದಳು. ಹಸಿರು ತಂತಿ! ಎಲ್ಲರ ಕಣ್ಣೂ ಒಟ್ಟಿಗೇ ಹಾಜಿಯ ಕನ್ನಡಕದತ್ತ ಹೊರಳಿದವು.

“ಇಗೋ ನಿಮ್ಮ ಡೀಸೆಲ್ ಕಳ್ಳ,” ಎಂದಳು. “ಕಟ್ಟಿದ್ದು ಸಾಲದು ಅಂತ ಕೂಗಾಡಿ ಜನಾನೂ ಸೇರಿಸಿದ್ದಾನೆ.”

ಯಾರೂ ನಗಲಿಲ್ಲ. ಹಾಜಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ಕುಂಗೇಲ್ ಹತ್ರ ಬಸ್ಸು ಉರುಳಿತಲ್ಲ, ಅವತ್ತು ನೀನೂ ಅದೇ ರಸ್ತೇಲಿದ್ದೆ,” ಎಂದರು ಬಿರಾಮನಿಗೆ. “ನೀನು ಬರೋ ತನಕ ನಂಗೆ ನೀರೂ ಇಳೀಲಿಲ್ಲ. ಹೇಳಿ ಕಟ್ಟಿದ್ರೆ ಫಲ ಇರಲ್ವಂತೆ. ಅದಕ್ಕೇ ಹೇಳಲಿಲ್ಲ. ಎಲ್ಲರೆದುರು ಕಳ್ಳ ಅಂದೆ ನಿನ್ನ. ಎಲ್ಲರೆದುರೇ ಹೇಳ್ತೀನಿ, ತಪ್ಪು ನಂದು ಕಣಪ್ಪಾ.”

ಯಾಂದೆ ಸೀಳಿದ ತುಂಡನ್ನು ಕತ್ತರಿಸಿ, ಹೊಸ ಪೈಪ್ ಸೇರಿಸಿ, ಎರಡು ಕಡೆ ಕ್ಲಿಪ್ ಬಿಗಿದಳು. ಮತ್ತೆ ಪೌಡರ್, ಮತ್ತೆ ಒಂದು ಸುತ್ತು. ಈ ಸಲ ಎಲ್ಲಾ ಬೆಳ್ಳಗೆ! ತೆನಿಂಗಮ್ಮ ಕಿಟಕಿಯಿಂದ ತಲೆ ಹಾಕಿ, “ಈ ಜನ್ಮದಲ್ಲಿ ತಾಂಬಾಕ್ಕೆ ಹೋಗ್ತೀವಾ?” ಎಂದು ಕೂಗಿದಳು.

ಬಿರಾಮ್ ಗಾಡಿಯಿಂದ ಇಳಿದ. ನೆಲದ ಮೇಲಿದ್ದ ಬಾಲವನ್ನು ಎತ್ತಿಕೊಂಡು ಹಾಜಿಯ ಮುಂದೆ ಹಿಡಿದ. ಅವನ ಕಣ್ಣು ತುಂಬಿತ್ತು.

“ನೀವೇ ಕಟ್ಟಿ, ಯಜಮಾನ್ರೇ. ಎಲ್ಲಿಗೆ ಅಂತ ಮಾತ್ರ ನಾನು ಹೇಳ್ತೀನಿ.”