ಗಾಜಿನಾಚೆಯ ದನಿ

"ನೀವು ಯಾವ ಮಹಡಿಗೆ?"

ಲಿಫ್ಟಿನಲ್ಲಿ ಅವಳು ಕೇಳಿದ್ದು ಇಷ್ಟೇ. ಎದುರಿಗಿದ್ದವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ನೀವಾ...! ಆ ದನಿ ನಿಮ್ಮದಾ?"

ಅವಳು ಗಾಬರಿಯಾಗಿ ಹಿಂದೆ ಸರಿದಳು.

"ಒಂಬತ್ತು ದಿನದಿಂದ ಈ ದನಿ ನನ್ನ ಕಿವಿಯೊಳಗೆ ಕೂತಿದೆ. 'ನಾನು ಯಾರನ್ನೂ ಕೊಂದಿಲ್ಲ... ಆ ಅಂಗಿ ಯಾರದೋ, ನಂಗೇನು ಗೊತ್ತು...' ಎಷ್ಟು ತಣ್ಣಗೆ ಹೇಳ್ತೀರಿ! ಹೊಟ್ಟೆಗೆ ಅನ್ನವನ್ನೇ ತಾನೆ ತಿನ್ನೋದು?"

ಅವಳ ಬಾಯಿ ತೆರೆಯಿತು. ಆದರೆ ಅವನ ಕೊರಳಲ್ಲಿ ಸಾಕ್ಷಿಗಳಿಗೆ ಕೊಡುವ ನೀಲಿ ಬಿಲ್ಲೆ ಕಂಡು ಹಾಗೆಯೇ ಮುಚ್ಚಿಕೊಂಡಿತು. ತೀರ್ಪು ಬರುವವರೆಗೆ ದುಭಾಷಿಗಳು ಸಾಕ್ಷಿಗಳೊಂದಿಗೆ ಮಾತನಾಡಕೂಡದು. ಆ ನ್ಯಾಯಾಲಯದ ನಿಯಮ ಅದು.

"ಸರಿ, ಸುಮ್ಮನಿರಿ. ನಮ್ಮಂಥವರ ಹತ್ತಿರ ನಿಮಗೇನು ಮಾತು?" ಎಂದು ಅವನು ಬಾಗಿಲು ತೆರೆದ ಕೂಡಲೇ ಇಳಿದುಹೋದ.

'ಅಯ್ಯೋ, ಅದು ನನ್ನ ಮಾತಲ್ಲ... ಒಂದಕ್ಷರವೂ ನನ್ನದಲ್ಲ!' ಎಂದು ಅವಳ ಮನಸ್ಸು ಕೂಗಿಕೊಂಡಿತು. ಮನಸ್ಸಿನ ಕೂಗು ಯಾರಿಗೆ ಕೇಳಿಸೀತು?

ಅದು ಹಲವು ದೇಶಗಳು ಸೇರಿ ಕಟ್ಟಿದ ನ್ಯಾಯಾಲಯ. ಕಟಕಟೆಯಲ್ಲಿ, ಒಂದು ಊರಿನ ಜನರನ್ನು ಕೊಲ್ಲಿಸಿದ ಆರೋಪ ಹೊತ್ತ ಒಬ್ಬ ಸೇನಾಧಿಕಾರಿ. ಅವನಾಡಿದ್ದನ್ನು ಆ ಊರಿನವರ ಭಾಷೆಯಲ್ಲಿ ಹೇಳುವುದು ಅವಳ ಕೆಲಸ. ಗಾಜಿನ ಗೂಡಿನೊಳಗೆ ಕೂತು, ಅವನು 'ನಾನು' ಎಂದರೆ ಅವಳೂ 'ನಾನು' ಎನ್ನಬೇಕು. ಅವನು ನಕ್ಕರೆ ದನಿಯಲ್ಲಿ ನಗು ಬರಬೇಕು. ತನ್ನದೆಂದು ಒಂದು ನಿಟ್ಟುಸಿರನ್ನೂ ಸೇರಿಸುವಂತಿಲ್ಲ.

ಲಿಫ್ಟಿನಲ್ಲಿ ಸಿಕ್ಕವನು ದರ್ಜಿ. ಅವನ ಸಾಕ್ಷ್ಯ ಹಿಂದಿನ ತಿಂಗಳೇ ಮುಗಿದಿತ್ತು. ಸೈನಿಕರು ಅವನ ತಮ್ಮನನ್ನು ಹಿಡಿದುಕೊಂಡು ಹೋಗಿ ಹದಿನಾಲ್ಕು ವರ್ಷ. ನೆಲ ಅಗೆದ ಒಂದು ಕುಳಿಯಲ್ಲಿ ಹಲವರ ಮೂಳೆಗಳು ಸಿಕ್ಕಾಗ ಅವುಗಳ ನಡುವೆ ಒಂದು ಅಂಗಿಯೂ ಸಿಕ್ಕಿತ್ತು. "ಇದು ನಾನು ಹೊಲಿದದ್ದು, ಸ್ವಾಮಿ. ಗುಂಡಿಗೆ ದಾರವನ್ನು ಕತ್ತರಿಯಂತೆ ಅಡ್ಡಡ್ಡ ಹಾಕಿ, ಬುಡಕ್ಕೆ ಮೂರು ಸುತ್ತು ಸುತ್ತಿ, ಒಳಗಡೆ ಗಂಟು ಹಾಕ್ತೀನಿ. ನಮ್ಮಪ್ಪ ಕಲಿಸಿದ್ದು. ಬೇರೆ ಯಾರೂ ಹೀಗೆ ಹಾಕಲ್ಲ" ಎಂದು ಅವನು ನ್ಯಾಯಾಧೀಶರಿಗೆ ತೋರಿಸಿದ್ದ. ಆ ಅಂಗಿ ತಮ್ಮನದೆಂದು ನ್ಯಾಯಾಲಯ ಒಪ್ಪಿದರೆ ಮಾತ್ರ ಮೂಳೆಗಳು ಅವನ ಕೈಗೆ ಬರುತ್ತಿದ್ದವು.

ತಮ್ಮವರನ್ನು ಮಣ್ಣಿಗೆ ಕೊಟ್ಟವರು ಅಳುತ್ತಾರೆ. ಅತ್ತು ಒಂದು ದಿನ ಕಣ್ಣೊರೆಸಿಕೊಳ್ಳುತ್ತಾರೆ. ಕೊಡಲಾಗದವರ ಅಳು ಮುಗಿಯುವುದು ಎಲ್ಲಿ? ಭಗವಂತನೇ ಬಲ್ಲ.

ಅಂದು ಸಂಜೆ ಅವಳು ತನ್ನ ಬಾಡಿಗೆ ಕೋಣೆಗೆ ಬಂದು, ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟಳು. ದಿನವಿಡೀ ಆಡಿದ ಬಾಯಿಗೆ ಈಗ ಆಡಲು ಯಾರೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು, "ನಾನು..." ಎಂದಳು. ಮುಂದಿನ ಮಾತು ಹೊಳೆಯಲಿಲ್ಲ.

ಗಾಜಿನ ಗೂಡಿನಲ್ಲಿ ಅವಳ ಜೊತೆ ಸರದಿಯ ಮೇಲೆ ಕೂರುತ್ತಿದ್ದ ಹಿರಿಯ ದುಭಾಷಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು.

"ಏನೇ, ಕೋಟಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡ್ತಿದೆ?" ಎಂದರು ಅಕ್ಕ, ಮರುದಿನ.

"ಬಿದ್ದಾಗ ನೋಡೋಣ, ಅಕ್ಕ."

"ಹೌದೌದು, ಎಲ್ಲ ಬಿದ್ದಮೇಲೇ ನೋಡೋಳು ನೀನು! ನಿನ್ನೆಯಿಂದ ಮೂರನೇ ಸಾಲನ್ನೇ ನೋಡ್ತಿದೀಯಲ್ಲ, ಅಲ್ಲೇನು ಬಿದ್ದಿದೆ?"

ಮೂರನೇ ಸಾಲಿನಲ್ಲಿ ದರ್ಜಿ ಕೂತಿದ್ದ. ಕಿವಿಗೆ ಹೆಡ್‌ಫೋನ್, ಕಣ್ಣು ನೆಲದ ಮೇಲೆ.

ಹನ್ನೊಂದನೆಯ ದಿನ ಸೇನಾಧಿಕಾರಿ ಕೊನೆಯ ಮಾತು ಹೇಳಿದ. ಅವಳೂ ಹೇಳಿದಳು: "ಆ ಅಂಗಿಯ ಕಥೆ ಕಟ್ಟುಕಥೆ. ನಾನು ಅವನ ತಮ್ಮನನ್ನು ನೋಡಿಯೇ ಇಲ್ಲ."

ಕಲಾಪ ಮುಗಿಯಿತು. ದರ್ಜಿ ಮಾತ್ರ ಏಳದೆ, ಬೆರಳುಗಳಿಂದ ಗಾಳಿಯಲ್ಲಿ ಏನನ್ನೋ ಮೂರು ಸುತ್ತು ಸುತ್ತುತ್ತಿದ್ದ. ಅದನ್ನು ಕಂಡು ಅವಳು ಮೆಲ್ಲಗೆ ತನ್ನಷ್ಟಕ್ಕೇ ಹೇಳಿಕೊಂಡಳು.

"ದೇವರೇ... ಅವರ ತಮ್ಮನನ್ನು ಅವರಿಗೆ ಕೊಟ್ಟುಬಿಡು. ಹಿಡಿ ಮೂಳೆಯಾದರೂ ಸಿಗಲಿ..."

ದರ್ಜಿ ಥಟ್ಟನೆ ತಲೆಯೆತ್ತಿದ.

ಅವಳು ಕೆಳಗೆ ನೋಡಿದಳು. ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು! ಸರದಿ ಮುಗಿದೊಡನೆ ಆರಿಸಬೇಕಾದ ಮೈಕನ್ನು, ಹತ್ತು ವರ್ಷದ ಕೆಲಸದಲ್ಲಿ, ಅವಳು ಮೊದಲ ಬಾರಿಗೆ ಮರೆತಿದ್ದಳು.

ಅದನ್ನು ಕೇಳಿಸಿಕೊಂಡವನು ಇನ್ನೊಬ್ಬನಿದ್ದ: ಸೇನಾಧಿಕಾರಿಯ ವಕೀಲರ ಸಹಾಯಕ.

ಮರುದಿನವೇ ವಕೀಲರು ಎದ್ದು ನಿಂತರು. "ದುಭಾಷಿ ಪಕ್ಷಪಾತಿ. ಹನ್ನೊಂದು ದಿನದ ವಿಚಾರಣೆಯೆಲ್ಲ ರದ್ದಾಗಬೇಕು!"

ರದ್ದಾದರೆ ಮತ್ತೆ ಮೊದಲಿನಿಂದ. ಸೇನಾಧಿಕಾರಿಗೆ ವಯಸ್ಸಾಗಿತ್ತು, ಅಷ್ಟರಲ್ಲಿ ಅವನೇ ಸತ್ತರೆ ಮೊಕದ್ದಮೆಯೂ ಸತ್ತಂತೆ.

'ನಾನೇ ಅವರ ತಮ್ಮನನ್ನು ಎರಡನೇ ಸಲ ಹೂತುಬಿಟ್ಟೆನಾ?' ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಇಬ್ಬರು ಬೇರೆ ದುಭಾಷಿಗಳು ಧ್ವನಿಮುದ್ರಣವನ್ನೆಲ್ಲ ಪದಪದವಾಗಿ ಕೇಳಿದರು. ಹದಿನಾರು ದಿನ ಹಿಡಿಯಿತು. ಅವರ ವರದಿಯನ್ನು ಮುಖ್ಯ ನ್ಯಾಯಾಧೀಶರು ಓದಿದರು: "ಆರೋಪಿ ಹೇಳಿದ್ದನ್ನೇ ದುಭಾಷಿ ಹೇಳಿದ್ದಾರೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ವಿಚಾರಣೆ ಊರ್ಜಿತ. ಆದರೆ ದುಭಾಷಿ ಈ ಮೊಕದ್ದಮೆಯಿಂದ ಹೊರಗೆ."

ಮೂರನೇ ಸಾಲಿನಲ್ಲಿ ದರ್ಜಿ ಮುಖ ಮುಚ್ಚಿಕೊಂಡ. ಯಾವ ತಣ್ಣನೆಯ ದನಿಯನ್ನು ಅವನು ಶಪಿಸಿದ್ದನೋ, ಅದರ ಪ್ರಾಮಾಣಿಕತೆಯೇ ಅವನ ತಮ್ಮನ ಮೊಕದ್ದಮೆಯನ್ನು ಉಳಿಸಿತ್ತು.

ಅವಳನ್ನು ನೆಲಮಾಳಿಗೆಯ ಕಾಗದಪತ್ರಗಳ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿ ಇರಲಿಲ್ಲ. ನಾಲ್ಕು ತಿಂಗಳು... ಅವಳು ಬಾಯಿ ತೆರೆಯುತ್ತಿದ್ದುದು ಬಾಗಿಲ ಕಾವಲುಗಾರನಿಗೆ ನಮಸ್ಕಾರ ಹೇಳಲು ಮಾತ್ರ. ರಾತ್ರಿ ಹಾಸಿಗೆಗೆ ಹೋಗುವ ಮುನ್ನ ಆ ಹಳೆಯ ಪ್ರಾರ್ಥನೆಯನ್ನೇ ಮತ್ತೆ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಲು ಈಗ ಮೈಕೂ ಇರಲಿಲ್ಲ.

ತೀರ್ಪಿನ ದಿನ ಅವಳು ಕೊನೆಯ ಸಾಲಿನಲ್ಲಿ ನಿಂತು ಹೆಡ್‌ಫೋನ್ ಹಾಕಿಕೊಂಡಳು. ಒಳಗೆ ಅಕ್ಕನ ದನಿ.

"ಆರೋಪಿ ತಪ್ಪಿತಸ್ಥನೆಂದು ಈ ನ್ಯಾಯಾಲಯ ತೀರ್ಮಾನಿಸಿದೆ. ಗುಂಡಿಗಳನ್ನು ಹೊಲಿದಿರುವ ರೀತಿಯಿಂದ ಅಂಗಿಯ ಗುರುತು ಸಾಬೀತಾಗಿದೆ. ಅಸ್ಥಿಗಳನ್ನು ಅಣ್ಣನಿಗೆ ಒಪ್ಪಿಸತಕ್ಕದ್ದು."

ಅವಳು ಮೆಲ್ಲನೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಇಷ್ಟು ದಿನ ಬೇಡಿದ್ದು ಸಿಕ್ಕಿತ್ತು. ನಾಳೆ ಅವನು ಊರಿಗೆ ಹೋಗುತ್ತಾನೆ. ತನಗೆ ಮತ್ತೆ ಅದೇ ಒಂದು ತಟ್ಟೆ, ಒಂದು ಲೋಟ...

"ಒಳಗೆಲ್ಲ ಹುಡುಕಿದೆ. ಇಲ್ಲಿದೀರಾ?"

ದರ್ಜಿ! ಅವನ ಕಣ್ಣು ಕೆಂಪಾಗಿತ್ತು.

"ಇವತ್ತು ಮಾತಾಡಬಹುದಾ? ಅಥವಾ ಇನ್ನೂ ನಿಯಮ ಇದೆಯಾ?"

"ತೀರ್ಪು ಬಂತಲ್ಲ... ಆಡಬಹುದು."

"ಹಾಗಿದ್ರೆ ಮೊದಲು ಕೋಟು ಬಿಚ್ಚಿ ಕೊಡಿ."

"ಏನು?"

"ಆ ಗುಂಡಿ, ತಾಯೀ! ಲಿಫ್ಟಿನಲ್ಲಿ ಬೈತಾ ಇದ್ದಾಗಲೇ ಕಣ್ಣಿಗೆ ಬಿದ್ದಿತ್ತು. ಆವತ್ತು ನಿಮ್ಮ ಪ್ರಾರ್ಥನೆ ಕೇಳಿದ ಮೇಲೆ ಬಂದಾಗೆಲ್ಲ ಸೂಜಿ, ದಾರ ತರ್ತಿದ್ದೆ. ಬಾಗಿಲಲ್ಲಿ ಕಾವಲಿನವನು ಕಿತ್ಕೊಳ್ತಿದ್ದ, ಸಂಜೆ ವಾಪಸ್ ಕೊಡ್ತಿದ್ದ. 'ಯಾರನ್ನ ಚುಚ್ಚೋಕಯ್ಯಾ?' ಅಂತ ನಗ್ತಿದ್ದ. ಈಗ ಅವನ ಹತ್ತಿರ ಇಸ್ಕೊಂಡೇ ಬಂದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅವನು ಪಕ್ಕದಲ್ಲಿ ಕೂತು ಹೊಲಿದ. ದಾರ ಕತ್ತರಿಯಂತೆ ಅಡ್ಡಡ್ಡ ಹಾಯಿತು. ಬುಡಕ್ಕೆ ಮೂರು ಸುತ್ತು. ಒಳಗಡೆ ಗಂಟು. ಅದು ಯಾವ ಗಂಟೆಂದು ಅವಳಿಗೆ ಗೊತ್ತಿತ್ತು.

"ಆವತ್ತು ಆಡಬಾರದ ಮಾತು ಆಡಿದೆ. ತಪ್ಪಾಯ್ತು" ಎಂದ, ತಲೆಯೆತ್ತದೆ. "ಈ ನಾಲ್ಕು ತಿಂಗಳು ಒಬ್ಬನೇ ಇರುವಾಗೆಲ್ಲ ಆ ದನೀನೇ ನೆನೆಸ್ಕೊಂಡು ಕೂತಿದ್ದೆ. ಈಗ ತಮ್ಮನನ್ನ ಮಣ್ಣು ಮಾಡಬೇಕು. ಒಬ್ಬನೇ ಕರ್ಕೊಂಡು ಹೋಗೋಕೆ ಕೈಕಾಲು ಬರ್ತಿಲ್ಲ. ನೀವು... ಜೊತೆಗೆ ಬರ್ತೀರಾ? ಆಮೇಲೂ... ಜೊತೆಗೇ ಇರ್ತೀರಾ?"

"ನಾನು..."

ಬೇರೆಯವರ ಪರವಾಗಿ ಸಾವಿರ ಸಲ ಆಡಿದ ಆ ಪದ ಗಂಟಲಲ್ಲೇ ನಿಂತಿತು. ಅವನು ಕಾದ. ಅವಸರ ಮಾಡಲಿಲ್ಲ.

"ನಾನು ಬರ್ತೀನಿ. ಇರ್ತೀನಿ."

ಅವನು ಹಲ್ಲಿನಿಂದ ದಾರ ಕಡಿದು, ಕೋಟನ್ನು ಅವಳ ಹೆಗಲಿಗೆ ಹೊದಿಸಿದ.

"ಇದು ಯಾರು ಹೇಳಿದ ಮಾತು?"

"ಯಾರೂ ಹೇಳಿಕೊಟ್ಟಿಲ್ಲ" ಎಂದಳು ಅವಳು. "ನನ್ನದೇ."